ಮೊದಲ ಮೊಟ್ಟೆಗಳ ಅತ್ತೆ

ನಮ್ಮತ್ತೆ ಹಾಲಿನ ಪಾತ್ರೆಗೂ ಗೀಟು ಹಾಕಿಡುವವಳು. ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಸಾಕು, ಇವನಿಗೇನೋ ಬೇಕಾಗಿದೆ ಎಂದು ಹುಬ್ಬು ಗಂಟಿಕ್ಕುತ್ತಿದ್ದಳು.

ಅವಳ ಕೆಲಸ ನೊಣದ ಕಾರ್ಖಾನೆಯಲ್ಲಿ. ನಗಬೇಡಿ, ಅಂಥದ್ದೂ ಇರುತ್ತದೆ. ಸೌತೆಕಾಯಿಗೆ ಹುಳ ಬೀಳಿಸುವ ನೊಣಗಳನ್ನು ಅಲ್ಲಿ ಲಕ್ಷಗಟ್ಟಲೆ ಸಾಕಿ, ಗಂಡುಗಳಿಗೆ ಕಿರಣ ಹಾಯಿಸಿ ಬಂಜೆ ಮಾಡಿ ಹೊಲಗಳಿಗೆ ಬಿಡುತ್ತಾರೆ. ಅವುಗಳ ಜೊತೆ ಕೂಡಿದ ಕಾಡು ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಮೊಟ್ಟೆ ಕೋಣೆ ಅತ್ತೆಯದು, ಕಿರಣದ ಕೋಣೆ ಅವಳ ಸ್ವಂತ ತಮ್ಮನದು, ಅಂದರೆ ನಮ್ಮಪ್ಪನದು.

ಆ ವರ್ಷ ಸೌತೆ ಹೊಲಗಳೆಲ್ಲ ಹುಳ ಹಿಡಿದು ಹಾಳಾದವು. ಅತ್ತೆಗೆ ಅನುಮಾನ ಬಂದದ್ದು ಅಪ್ಪನ ಮೇಲೆ.

"ನೀನು ಕಿರಣ ಜಾಸ್ತಿ ಬಿಡ್ತಿದ್ದೀಯ ಕಣೋ. ಗಂಡುಗಳು ಸುಸ್ತಾಗಿ ಬೀಳ್ತಿವೆ."

"ಅಳತೆ ನೋಡಿಯೇ ಬಿಡೋದು, ಅಕ್ಕ."

"ಹೂಂ, ಒಪ್ಕೊಂಡ್ಬಿಡ್ತೀಯಾ ನೀನು!"

ಮ್ಯಾನೇಜರಿಗೆ ದೂರು ಬರೆದೇಬಿಟ್ಟಳು. ತಿಂಗಳ ಕೊನೆಗೆ ಅಪ್ಪನ ಕೆಲಸ ಹೋಗುವುದು ಖಾತ್ರಿಯಾಯಿತು. ನನಗೆ ಅವಳ ಮುಖ ನೋಡಿದರೆ ಮೈ ಉರಿಯುತ್ತಿತ್ತು.

ಆದರೆ ಅವಳು ತನ್ನ ಅನುಮಾನವನ್ನೂ ಸಾಕ್ಷಿಯಿಲ್ಲದೆ ನಂಬುವವಳಲ್ಲ. ಹೊಲದಂಚಿನಲ್ಲಿ ಎರಡು ಬಲೆಗೂಡು ಕಟ್ಟಿ, ಎರಡರಲ್ಲೂ ಕಾಡು ಹೆಣ್ಣುಗಳನ್ನು ಬಿಟ್ಟಳು. ಒಂದಕ್ಕೆ ಕಾರ್ಖಾನೆಯ ಕಿರಣ ಕಂಡ ಗಂಡುಗಳು, ಇನ್ನೊಂದಕ್ಕೆ ಅಲ್ಲಿನವೇ ಆದರೂ ಕಿರಣ ಕಾಣದವು. ಮಧ್ಯಾಹ್ನದಿಂದಲೇ ಸ್ಟೂಲಿನ ಮೇಲೆ ಕಾವಲು ಕೂತಳು. ಏನಾದರೂ ಕೈಚಳಕ ತೋರಿಸಿಯೇನೆಂದು, ನೋಡಲು ಹೋದ ನನ್ನನ್ನು ಹತ್ತಡಿ ದೂರ ನಿಲ್ಲಿಸಿದಳು.

ನಾಲ್ಕು ಗಂಟೆಗೆ ಎರಡೂ ಗೂಡುಗಳ ಗಂಡುಗಳು ರೆಕ್ಕೆ ಬಡಿದು ಕುಣಿದವು. ಹೆಣ್ಣುಗಳು ಎಲೆಯಡಿಯಿಂದ ಕದಲಲಿಲ್ಲ. ಹೊತ್ತು ಮುಳುಗುವಾಗ ಹೆಣ್ಣುಗಳು ಹೊರಬಂದವು, ಅಷ್ಟರಲ್ಲಿ ಗಂಡುಗಳು ತೆಪ್ಪಗೆ ಕೂತಿದ್ದವು. ಕಿರಣ ಕಂಡವೂ ಅಷ್ಟೇ, ಕಾಣದವೂ ಅಷ್ಟೇ.

ತಪ್ಪು ಕಿರಣದ್ದಲ್ಲ, ತನ್ನ ಕೋಣೆಯ ಮೊಟ್ಟೆಗಳದೆಂದು ಅತ್ತೆಗೆ ಹೊಳೆಯಿತು. ಕೆಲಸ ಬೇಗ ಮುಗಿಯಲೆಂದು ಹದಿನೆಂಟು ವರ್ಷದಿಂದ ಅವಳು ಮೊದಲು ಬಂದ ಮೊಟ್ಟೆಗಳನ್ನಷ್ಟೇ ತಳಿಗೆ ಉಳಿಸಿಕೊಂಡು, ತಡವಾಗಿ ಬಂದವನ್ನು ಚೆಲ್ಲುತ್ತಿದ್ದಳು. ಅವಸರದವುಗಳ ಮಕ್ಕಳು, ಆ ಮಕ್ಕಳ ಮಕ್ಕಳು, ಹೀಗೆ ಇನ್ನೂರು ತಲೆಮಾರು. ಈಗ ಅವಕ್ಕೆ ಎಲ್ಲದರಲ್ಲೂ ಅವಸರ, ಕೂಡುವ ಹೊತ್ತಿನಲ್ಲೂ.

ಮರುದಿನ ಅವಳೇ ಹೋಗಿ ಹೇಳಿದಾಗ ಮ್ಯಾನೇಜರು ತಲೆದೂಗಿದರು. "ಇನ್ನಷ್ಟು ಕಾಲ ಹೀಗೇ ಬಿಟ್ಟಿದ್ರೆ ಇವು ಬೇರೆ ಪ್ರಭೇದವೇ ಆಗ್ಬಿಡ್ತಿದ್ವೋ ಏನೋ. ಬೇರೆಯಾಗೋಕೆ ನಡುವೆ ಬೆಟ್ಟ, ಹೊಳೆ ಏನೂ ಬೇಡಮ್ಮ. ಎರಡು ಗಂಟೆ ಅಂತರ ಸಾಕು."

ಅತ್ತೆ ದೂರು ವಾಪಸು ತಗೊಂಡು, ತಪ್ಪು ತನ್ನದೆಂದು ಬರೆದುಕೊಟ್ಟಳು. ಅಪ್ಪನ ಕೆಲಸ ಉಳಿಯಿತು. ಆ ಕಾಗದದ ನಕಲನ್ನು ಅವಳೇ ನಮ್ಮ ಮನೆಗೆ ತಂದು ಅಪ್ಪನ ಕೈಗಿಟ್ಟಳು. ಅಪ್ಪ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದರಲ್ಲೇನು ಮಸಲತ್ತಿದೆ, ಅಕ್ಕ?"

ಅಂಥ ಮಾತನ್ನು ಅಪ್ಪನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ. ಹೊಸ್ತಿಲ ಹತ್ತಿರವೇ ಕುಸಿದು ಕೂತು ಅತ್ತಳು. ಅಪ್ಪ ಹಾಳೆಯನ್ನು ಮಡಚದೆ, ಆ ಅಳುವಾದರೂ ನಿಜವೋ ಎಂದು ಅವಳ ಮುಖವನ್ನೇ ನೋಡುತ್ತಾ ನಿಂತರು.