ಕಡಲಕ್ಕಿ ಹಿಡಿದ ಅಂಜಿನಮ್ಮನ ಫೋಟೋ

ದೊಡ್ಡನೆಕ್ಕುಂದಿಯ ಆಚೆಯ ಕೆರೆ ಏರಿಯ ಮೇಲೆ ಅಂಜಿನಮ್ಮ ಮೀನು ಮಾರುತ್ತಿದ್ದಳು. ಗಂಡ ಮುನಿಕೃಷ್ಣ ತೆಪ್ಪದಲ್ಲಿ ಹೋಗಿ ಬಲೆ ಹಾಕುತ್ತಿದ್ದ. ಚಳಿಗಾಲಕ್ಕೆ ಬರುವ ಕಡಲಕ್ಕಿಗಳು ಮೀನಿನ ಆಸೆಗೆ ಬಲೆಯಲ್ಲಿ ಸಿಕ್ಕಿಬೀಳುತ್ತಿದ್ದವು. ಅವುಗಳ ಕಣ್ಣಿಗೆ ಸೆರಗು ಮುಚ್ಚಿ, ನೂಲು ಕತ್ತರಿಸಿ ಹಾರಲು ಬಿಡುವವಳು ಅಂಜಿನಮ್ಮ. ಕೈಗೆ ಕುಕ್ಕಿದರೂ ಬೈಯುತ್ತಿರಲಿಲ್ಲ.

ಅದನ್ನು ನೋಡಿಯೇ ಕೃಪಾ ಹತ್ತಿರವಾದದ್ದು. ಎದುರಿನ ಅಪಾರ್ಟ್‌ಮೆಂಟಿನ ಹುಡುಗಿ, ಲ್ಯಾಬಿನಲ್ಲಿ ಕೆಲಸ. ಕಡಲಕ್ಕಿಗಳು ಯಾವ ಯೀಸ್ಟು, ಯಾವ ಬೂಷ್ಟು ಹೊತ್ತು ತರುತ್ತವೆಂದು ಅವಳು ಹುಡುಕುತ್ತಿದ್ದಳು.

“ಬಾಯೊಳಗೆ ಹತ್ತಿ ಆಡಿಸಿ ಬಿಟ್ಬಿಡೋದು ಅಷ್ಟೇ ಅಕ್ಕ.”

“ಅವುಕ್ಕೆ ತೊಂದ್ರೆ ಆಗ್ಬಾರ್ದು ನೋಡವ್ವ.”

“ಖಂಡಿತ ಆಗಲ್ಲ.”

ಆ ಚಳಿಗಾಲವಿಡೀ ಅಂಜಿನಮ್ಮ ಹಿಡಿದಳು, ಕೃಪಾ ಒರೆಸಿದಳು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಒಮ್ಮೆ, ಹತ್ತಿಗೆ ಅಂಟಿದ್ದನ್ನು ಲ್ಯಾಬಿನಲ್ಲಿ ಬೆಳೆಸಿದ ಮುಚ್ಚಳದ ತಟ್ಟೆಯೊಂದನ್ನು ತಂದು ತೋರಿಸಿದಳು. ಒಳಗೆ ಮೊಸರು ಚಿಮ್ಮಿದಂತೆ ಬಿಳಿ ಚುಕ್ಕೆಗಳು.

“ಬ್ರೆಡ್ ಉಬ್ಬಿಸೋ ಯೀಸ್ಟ್ ಇದ್ಯಲ್ಲ ಅಕ್ಕ, ಅದರ ನೆಂಟರು ಇವು. ಒಂದೆರಡು ಜಾತಿ ಮಾತ್ರ, ಮೈಯಲ್ಲಿ ಶಕ್ತಿ ಇಲ್ದಿರೋರಿಗೆ ಕಾಯಿಲೆ ತರಬಹುದು. ಅವು ನಮ್ಮ ಬಾಯಲ್ಲೂ ಇರ್ತವೆ.”

ಅಂಜಿನಮ್ಮ ನಕ್ಕಳು. ಅಂದು ಅಂಜಿನಮ್ಮನ ಮನೆಯಲ್ಲೇ ಕೃಪಾ ಮುದ್ದೆ, ಮೀನುಸಾರು ಉಂಡಳು.

ಕೆಲವು ವಾರಗಳಾದ ಮೇಲೆ ಅಪಾರ್ಟ್‌ಮೆಂಟಿನ ಸಂಘದವರು ಏರಿಯ ಮೇಲೆ ಬೋರ್ಡು ನಿಲ್ಲಿಸಿದರು. ಅದರಲ್ಲಿ ಹಕ್ಕಿ ಹಿಡಿದ ಅಂಜಿನಮ್ಮ. ಕೆಳಗಿದ್ದದ್ದನ್ನು ಮುನಿಕೃಷ್ಣ ಓದಿ ಹೇಳಿದ: ‘ರೋಗ ಹರಡುವ ಹಕ್ಕಿಗಳು. ಇಲ್ಲಿ ಮೀನು ಕೊಳ್ಳಬೇಡಿ.’ ಖಾಯಂ ಗಿರಾಕಿಗಳು ಮೂಗು ಮುಚ್ಚಿಕೊಂಡು ದಾಟಿಹೋದರು. ಸೆಕ್ಯುರಿಟಿಯವರು ಪಟಾಕಿ ಸಿಡಿಸಿ ಹಕ್ಕಿಗಳನ್ನು ಓಡಿಸಿದರು.

ಅಂಜಿನಮ್ಮ ಗೇಟಿಗೆ ಹೋಗಿ ಕೃಪಾಳನ್ನು ಕೆಳಗೆ ಕರೆಸಿದಳು.

“ಪೋಟೋ ನೀನೇ ಕೊಟ್ಯಾ?”

“ಮೀಟಿಂಗಲ್ಲಿ ಕೇಳಿದ್ರು ಅಕ್ಕ. ಕಾಯಿಲೆ ವಿಷಯ ಮಾತ್ರ ಹೇಳಮ್ಮ, ಸಾಕು ಅಂದ್ರು. ಅವರಿಗೆ ಮೊದಲಿಂದಲೂ ಮೀನು ವಾಸನೆ ಆಗ್ತಿರ್ಲಿಲ್ಲ.”

“ಅಷ್ಟೇ ಏಳಿದ್ಯಾ?”

“ಹೂಂ.”

“ನಿನ್ನ ಬಾಯಲ್ಲೂ ಅವೆ ಅಂತ ಏಳ್ಲಿಲ್ವಾ?”

ಬೈಯಬೇಕೆಂದು ಬಂದ ಅಂಜಿನಮ್ಮ ಹಾಗೇ ತಿರುಗಿ ನಡೆದಳು.

ಬೋರ್ಡನ್ನು ಮುನಿಕೃಷ್ಣ ಹಾರೆ ಹಾಕಿ ಕಿತ್ತ. ಆದರೂ ಗಿರಾಕಿ ಬರಲಿಲ್ಲ. ಗಂಡಹೆಂಡತಿ ಕಾಡುಗೋಡಿ ಸಂತೆಬೀದಿಯಲ್ಲಿ ಜಾಗ ಹಿಡಿದರು. ಅಲ್ಲಿ ಯಾರಿಗೂ ಅವಳ ಗುರುತಿರಲಿಲ್ಲ, ವ್ಯಾಪಾರ ಕುದುರಿತು.

ಒಂದು ಭಾನುವಾರ ಕೃಪಾ ಅಲ್ಲಿಗೂ ಬಂದಳು. “ಅಕ್ಕ...” ಎಂದಳು.

“ಕಾಟ್ಲಾ ಐತೆ, ರೋಹು ಐತೆ. ಯಾವ್ದು ಬೇಕು ಮೇಡಂ?”

ಕೃಪಾ ಬೆರಳು ತೋರಿಸಿದಳು. ಅಂಜಿನಮ್ಮ ತೂಗಿ, ಹೆಚ್ಚಿ, ಕವರಿಗೆ ಹಾಕಿ ಕೊಟ್ಟು, ಹಿಂದೆ ನಿಂತಿದ್ದವರನ್ನು ಮುಂದೆ ಕರೆದಳು.