ಪರಸವ್ವ ಓದಿದ ಕೊಲೆಯ ಕಥೆ

ನಮ್ಮ ಪರಸವ್ವತ್ತೆ ಕಲಿತದ್ದು ಏಳನೇ ಇಯತ್ತೆ. ಆದರೆ ಬಿಜ್ಜರಗಿಯಲ್ಲಿ ಅವಳ ಹಾಗೆ ಕಥೆ ಓದುವವರು ಇನ್ನೊಬ್ಬರಿಲ್ಲ. ಬಿ.ಎ. ಮುಗಿಸಿದ ನಾನು, ಅವಳ ತಮ್ಮನ ಮಗಳು ನೀಲಾ, ಆ ಲೆಕ್ಕಕ್ಕೇ ಬರುವುದಿಲ್ಲ.

ಒಣದ್ರಾಕ್ಷಿ ಶೆಡ್ಡಿನಲ್ಲಿ ನಾವು ಹನ್ನೆರಡು ಹೆಂಗಸರು ಸಾಲಾಗಿ ಕುಳಿತು ಕಡ್ಡಿ, ಕೆಟ್ಟ ಹಣ್ಣು ಆರಿಸುತ್ತಿದ್ದೆವು. ಪರಸವ್ವತ್ತೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವಳು. ಉಳಿದವರು ತಾವು ಹಸನು ಮಾಡಿದ ದ್ರಾಕ್ಷಿಯಲ್ಲಿ ಆಗಾಗ ಒಂದೊಂದು ಬೊಗಸೆ ಅವಳ ಬುಟ್ಟಿಗೆ ಹಾಕುವರು. ಸಂಜೆಗೆ ಅವಳ ಬುಟ್ಟಿಯೂ ಎಲ್ಲರಷ್ಟೇ ತುಂಬಿರುತ್ತಿತ್ತು. ಈ ನೇಮ ಯಾರು ಮಾಡಿದರೋ ಗೊತ್ತಿಲ್ಲ. ಒಮ್ಮೆ ಮಾಲೀಕರು ಗದರಿದರು.

"ಕೈ ಎಲ್ಲಿ ನಿಂತಾವರಿ? ಕಿವಿ ಅಷ್ಟ ನನ್ನ ಕಡೆ ಅದಾವ" ಅಂದಳು ಅತ್ತೆ. ಅವರು ಮತ್ತೆ ಆ ಕಡೆ ಸುಳಿಯಲಿಲ್ಲ.

ಆ ಪುಸ್ತಕವನ್ನು ತಿಕೋಟಾದ ಗ್ರಂಥಾಲಯದಿಂದ ತಂದುಕೊಟ್ಟವಳು ನಾನೇ. ಒಬ್ಬ ಸಾಹುಕಾರ ಕಾಲುವೆಯಲ್ಲಿ ಹೆಣವಾಗಿ ಸಿಗುತ್ತಾನೆ. ಅವನ ಟ್ರ್ಯಾಕ್ಟರ್ ಡ್ರೈವರನನ್ನು ಪೊಲೀಸರು ಹಿಡಿಯುತ್ತಾರೆ. ಅಧ್ಯಾಯಕ್ಕೊಬ್ಬ ಹೊಸ ಅನುಮಾನದವನು ಬರುತ್ತಾನೆ. ಕೊನೆಯ ಪುಟ ಮೊದಲು ಓದುವ ಕೆಟ್ಟ ಚಟ ನನ್ನದು. ಕೊಂದವನು ಡ್ರೈವರನೇ ಎಂದು ಗೊತ್ತಿದ್ದೂ ತಂದೆನಲ್ಲ, ನನ್ನ ಬುದ್ಧಿಗೆ ಮಂಕು ಕವಿದಿತ್ತು. ನಮ್ಮ ಸಾಲಿನಲ್ಲಿ ಸಕ್ರವ್ವ ಇದ್ದಳು. ಅವಳ ಮಗ ಸುಭಾಷನೂ ಟ್ರ್ಯಾಕ್ಟರ್ ಡ್ರೈವರ್. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತ. ಆ ಕೊಲೆಯ ಆರೋಪ ಹೊತ್ತು ಸುಭಾಷ ಎರಡು ವರ್ಷದಿಂದ ವಿಜಯಪುರದ ಜೈಲಿನಲ್ಲಿದ್ದ, ಕೇಸು ಇನ್ನೂ ನಡೆದಿತ್ತು. ಸಕ್ರವ್ವ ಪ್ರತಿ ಮಂಗಳವಾರ ಬಸ್ಸು ಹತ್ತಿ ತೊಳೆದ ಅಂಗಿ ಕೊಟ್ಟು, ಕೊಳೆ ಅಂಗಿ ಇಸಿದುಕೊಂಡು ಬರುತ್ತಿದ್ದಳು. ಮಗ ಮಾಡಿದ ಅಂತಲೂ ಅನ್ನಲಿಲ್ಲ, ಮಾಡಿಲ್ಲ ಅಂತಲೂ ಅನ್ನಲಿಲ್ಲ.

ಓದು ಶುರುವಾದ ಎರಡನೇ ದಿನ ಅವಳು ತಲೆ ಎತ್ತದೆ ಕೇಳಿದಳು: "ಪರಸಾ, ಆ ಡ್ರೈವರಗ ಅವ್ವ ಇದ್ದಾಳೇನ ಬೇ?"

ಪುಸ್ತಕದಲ್ಲಿ ತಾಯಿಯ ಸುಳಿವೇ ಇಲ್ಲ. ಅತ್ತೆ ಪುಟದಿಂದ ಕಣ್ಣು ಕೀಳದೆ, "ಅದಾಳಕ್ಕಾ. ಮುಂದಿನ ಪುಟದಾಗ ಬರ್ತಾಳ" ಅಂದಳು.

ಬಂದೇ ಬಂದಳು. ಅಂದಿನಿಂದ ಆ ಡ್ರೈವರನ ತಾಯಿ ಅಧ್ಯಾಯಕ್ಕೊಮ್ಮೆ ತೊಳೆದ ಅಂಗಿ ಹಿಡಿದು ಜೈಲಿನ ಬಾಗಿಲಿಗೆ ಬಂದಳು. ಕೊನೆಯ ದಿನ ಅತ್ತೆಯ ಬಾಯಲ್ಲಿ ಕೊಲೆಗಾರ ಸಾಹುಕಾರನ ಭಾವಮೈದುನನಾದ, ಡ್ರೈವರ್ ಬಿಡುಗಡೆಯಾಗಿ ಅದೇ ಅಂಗಿ ತೊಟ್ಟು ಊರಿಗೆ ಬಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಸಕ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅತ್ತೀ, ಹಂಗ ಇಲ್ಲಲ್ಲ ಪುಸ್ತಕದಾಗ" ಅಂದೆ ದಾರಿಯಲ್ಲಿ.

"ಗೊತ್ತೈತಿ. ಬಾಯಿ ಮುಚ್ಚಗೊಂಡ ನಡಿ."

ಮುಗಿಯಿತು ಅಂದುಕೊಂಡಿದ್ದೆವು. ಮರುವರ್ಷ ಅದೇ ಕಾದಂಬರಿ ಸಿನಿಮಾ ಆಗಿ ವಿಜಯಪುರಕ್ಕೆ ಬಂತು. ಸಾರವಾಡದಿಂದ ಸೊಸೆಯಾಗಿ ಬಂದ ನಮ್ಮ ಸಾಲಿನ ಚಂದ್ರಕಲಾ, ಮೈಕು ನುಂಗಿದಂಥವಳು, ಅಮಾವಾಸ್ಯೆಯ ರಜೆಗೆ ಎಲ್ಲರೂ ಹೋಗುವುದೆಂದು ಶೆಡ್ಡಿಗೆಲ್ಲ ಸಾರಿದಳು. ಸಕ್ರವ್ವನೂ ಹೊರಟಳು. ಜ್ವರ ಬಂದಿದೆ ಅಂತ ಹೇಳಿ ಉಳಿದುಬಿಡು ಎಂದು ನಾನು ಅತ್ತೆಗೆ ಹೇಳಿಕೊಟ್ಟೆ.

"ಸುಳ್ಳ ಓದಿದಾಕಿ ನಾನು. ಸಕ್ರಕ್ಕನ ಬಾಜೂಕ ನಾನ ಕುಂಡ್ರತೇನಿ" ಅಂದಳು.

ಲಾಲಸಾಬನ ಟಂಟಂ ಆಟೋದಲ್ಲಿ ಒತ್ತಿಕೊಂಡು ಹೋದೆವು. ಮ್ಯಾಟಿನಿ ಆಟ. ಪರದೆಯ ಮೇಲೆ ಡ್ರೈವರ್ ಜೋಳದ ಹೊಲದಲ್ಲಿ ಓಡುವಾಗ ಚಂದ್ರಕಲಾ ಎದ್ದು ನಿಂತು, "ಲೇ, ಎಡಕ್ಕ ಹೊಳ್ಳಲೇ!" ಎಂದು ಕೂಗಿದಳು. ಭಾವಮೈದುನ ಬಂದ ಕೂಡಲೇ ನಮ್ಮ ಸಾಲಿಗೆ ಸಾಲೇ, "ಇವನ ನೋಡ, ಕೊಂದಾಂವ ಇವನ!" ಎಂದು ಬೊಬ್ಬೆ ಹಾಕಿತು. ಹಿಂದಿನವರು ಸಿಟ್ಟಿಗೆದ್ದರು: "ಯವ್ವಾಗೋಳ್ರ, ಕಥಿ ಹೇಳಬ್ಯಾಡ್ರಿ, ರೊಕ್ಕಾ ಕೊಟ್ಟ ಬಂದೇವಿ!" ಇಡೀ ಥೇಟರು ಉಸಿರು ಬಿಗಿಹಿಡಿದು ಕೊಲೆಗಾರನನ್ನು ಹುಡುಕುತ್ತಿತ್ತು. ಇಂಟರ್ವಲ್ಲಿನಲ್ಲಿ ಸಕ್ರವ್ವ ಹೇಳಿದ್ದು ಒಂದೇ ಮಾತು.

"ಅವ್ವ ಇನ್ನಾ ಬಂದಿಲ್ಲ."

ಕೊನೆಯವರೆಗೂ ಅವಳು ಬರಲಿಲ್ಲ. ಡ್ರೈವರ್ ತಾನೇ ಕೊಂದೆ ಅಂದಾಗ ಥೇಟರಿನಲ್ಲಿ ಸಿಳ್ಳೆಯೋ ಸಿಳ್ಳೆ. ನಮ್ಮ ಸಾಲು ಮಾತ್ರ "ಸುಳ್ಳ! ಸುಳ್ಳ!" ಎಂದು ಅರಚಿತು. ಪಾಪ, ಬಾಗಿಲು ಕಾಯುವವನನ್ನೇ ಚಂದ್ರಕಲಾ ತರಾಟೆಗೆ ತೆಗೆದುಕೊಂಡಳು. ತಿಕೋಟಾ ಬರುವವರೆಗೂ ಸಿನಿಮಾದವರಿಗೆ ಮಂಗಳಾರತಿ ನಡೆಯಿತು. "ಪರಸಕ್ಕಾ, ನಾಳೆ ಪುಸ್ತಕ ತಾ. ಕಡೀ ಪುಟ ಮತ್ತೊಮ್ಮೆ ಓದ. ಖರೇ ಯಾವುದಂತ ಗೊತ್ತಾಗ್ಲಿ" ಅಂದಳು ಚಂದ್ರಕಲಾ.

ಅತ್ತೆ ಸಕ್ರವ್ವನ ಮುಖ ನೋಡಿದಳು. ಸಕ್ರವ್ವ ರಸ್ತೆ ನೋಡುತ್ತಿದ್ದಳು.

"ತರ್ತೇನಿ" ಅಂದಳು ಅತ್ತೆ.

ಅತ್ತೆ, ನಾನು ಇಬ್ಬರೂ ಅಲ್ಲೇ ತಿಕೋಟಾದಲ್ಲಿ ಇಳಿದು ಗ್ರಂಥಾಲಯದಿಂದ ಪುಸ್ತಕ ತೆಗೆದುಕೊಂಡೆವು. ಓದುವವಳು ನೀನೊಬ್ಬಳೇ, ಹೋದ ಸಲದಂತೆಯೇ ಓದಿಬಿಡು ಅಂದೆ. ಅತ್ತೆಗೆ ಸಿಟ್ಟು ಬಂತು. "ಸಕ್ರಕ್ಕ ಮೂರು ತಾಸು ಇಲ್ಲದ ಅವ್ವನ ಹಾದಿ ಕಾದಾಳ. ನನ್ನ ಸಲುವಾಗಿ. ಇನ್ನೊಮ್ಮೆ ನನ್ನ ಕಡೆಯಿಂದ ಆಗಂಗಿಲ್ಲ."

ಮರುದಿನ ಶೆಡ್ಡಿನಲ್ಲಿ ಅವಳು ಕೊನೆಯ ಅಧ್ಯಾಯವನ್ನು ಅಚ್ಚಾದಂತೆಯೇ ಓದಿದಳು. ಪುಸ್ತಕ ಮುಚ್ಚಿ ಹೇಳಿದಳು: "ಕೊಂದಾಂವ ಡ್ರೈವರನ. ಅವ್ವನೂ ಇದರಾಗಿಲ್ಲ, ಅಕಿನ್ನ ನಾನ ಹಾಕಿದ್ದೆ. ಸಕ್ರಕ್ಕಾ, ನಿನ್ನ ಮನಸ್ಸ ನೋಯಬಾರದಂತ ಮಾಡಿದೆ. ತಪ್ಪಾತು."

ಚಂದ್ರಕಲಾ ಬಾಯಿ ತೆರೆದಳು, ಮುಚ್ಚಿದಳು. ಅವಳ ಜನ್ಮದಲ್ಲಿ ಅದೇ ಮೊದಲು. ನನಗೆ ಅಳು ಬಂತು, ಭಯವೂ ಆಯಿತು.

ಸಕ್ರವ್ವ ಕಡ್ಡಿ ಆರಿಸುತ್ತಲೇ ಇದ್ದಳು. ಆರಿಸುತ್ತಲೇ ಹೇಳಿದಳು.

"ನಮ್ಮ ಸುಭಾಷನೂ ಮಾಡ್ಯಾನ ಬೇ. ಮೊದಲನೇ ಭೆಟ್ಟಿಗೇನ ನನ್ನ ಮುಂದ ಹೇಳ್ಯಾನ. ನಾ ಇಲ್ಲೀತನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಮುಂದೆ ಕೋರ್ಟಿನಲ್ಲಿ ಸುಭಾಷ ತಾನೇ ಒಪ್ಪಿಕೊಂಡ. ಆದ್ದರಿಂದ ಇದನ್ನು ಬರೆಯಲು ಈಗ ಅಡ್ಡಿಯಿಲ್ಲ. ಆದರೆ ಆ ದಿನ ನಮ್ಮೆಲ್ಲರ ಕೈ ನಿಂತೇ ಹೋದವು.

"ಡ್ರೈವರ್ ಕೊಂದಾನಂತ ಬರದದ್ದು ಖರೇನ ಇರ್ಲಿ" ಅಂದಳು ಸಕ್ರವ್ವ. "ಅವ್ವ ಬರ್ಲಿಲ್ಲ ಅನ್ನೂದು ಸುಳ್ಳ. ಮಾಡಿದವಗೂ ಅವ್ವ ಬರ್ತಾಳ. ಅಕಿನ್ನ ಹಾಕಿ ಓದ ಪರಸಾ."

ತನ್ನ ಬುಟ್ಟಿಯಿಂದ ಎರಡು ಬೊಗಸೆ ಎತ್ತಿ ಅತ್ತೆಯ ಬುಟ್ಟಿಗೆ ಹಾಕಿದಳು.

ಅತ್ತೆ ಪುಸ್ತಕ ಮತ್ತೆ ತೆರೆದಳು. ಡ್ರೈವರ್ ತಪ್ಪು ಒಪ್ಪಿಕೊಂಡ, ಜಡ್ಜರು ಜೀವ ಇರುವವರೆಗೂ ಜೈಲೆಂದು ಜನ್ಮಠೇಪು ಬರೆದರು. ಅಲ್ಲಿಗೆ ಅಚ್ಚಾದ ಕಥೆ ಮುಗಿಯಿತು. ಅತ್ತೆ ಮಾತ್ರ ಖಾಲಿ ಪುಟದ ಮೇಲೆ ಕಣ್ಣಿಟ್ಟು ಓದುತ್ತಲೇ ಹೋದಳು: ಮರುವಾರ ಮಂಗಳವಾರ, ಮುಂಜಾನೆಯ ಮೊದಲ ಬಸ್ಸಿನಿಂದ, ತೊಳೆದ ಅಂಗಿ ಹಿಡಿದುಕೊಂಡು ಅವನ ತಾಯಿ ಇಳಿದಳು.