ಗಂಧದ ಬೊಟ್ಟಿಟ್ಟ ಫ್ಲಾಪಿ

ಆ ಕಾಲದಲ್ಲಿ ಕಂಪ್ಯೂಟರಿಗೂ ಮುಸುಕು ಇರುತ್ತಿತ್ತು. ನಮ್ಮ ಮನೆಯದಕ್ಕೆ ಅಮ್ಮ ಹಳೆಯ ಕಿಟಕಿ ಪರದೆಯನ್ನು ಕತ್ತರಿಸಿ, ಅಂಚಿಗೆ ನೆರಿಗೆ ಕೊಟ್ಟು ಹೊದಿಕೆ ಹೊಲಿದಿದ್ದಳು. ಅದನ್ನು ತೆಗೆಯುವ ಮುನ್ನ ಕೈ ತೊಳೆಯಬೇಕು. ಕೆಲಸವಾದ ಮೇಲೆ ಪೆಟ್ಟಿಗೆಯ ಬಿಸಿ ಆರುವ ತನಕ ಕಾದು ಮತ್ತೆ ಹೊದಿಸಬೇಕು. ತೊಂಬತ್ತರ ದಶಕದ ಕೊನೆ, ಹುಣಸೂರು, ನಾನು ಏಳನೇ ಕ್ಲಾಸು. ಇಷ್ಟು ಖಚಿತ. ಇದರ ಮುಂದಿನದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ, ನಾನೂ ಹಾಗೆಯೇ ಬರೆಯುತ್ತಿದ್ದೇನೆ. ಈ ಕತೆಯನ್ನು ಹಾಸ್ಟೆಲಿನಲ್ಲಿ, ಮದುವೆಮನೆಗಳಲ್ಲಿ, ಜನರನ್ನು ನಗಿಸುವುದಕ್ಕೆಂದೇ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯುತ್ತಿಲ್ಲ.

ಅಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ. ಊರಿಗೆಲ್ಲ ಟೈಪಿಂಗ್ ಮೇಷ್ಟ್ರು. ಕಲಿಯಲು ಬರುವವರು ಕಡಿಮೆಯಾದಾಗ, ಮೈಸೂರಿನ ಯಾವುದೋ ಪ್ರೆಸ್ಸಿನವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ತಂದು ಮನೆಯ ಹಜಾರದಲ್ಲಿಟ್ಟು, ಮದುವೆ ಕಾಗದ ಮಾಡಿಕೊಡುವ ಕೆಲಸ ಶುರುಮಾಡಿದ. ಅದರಲ್ಲಿದ್ದದ್ದು ಡಾಸ್. ಕಪ್ಪು ತೆರೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಸಣ್ಣ ಗೆರೆ, ಅಷ್ಟೇ. ಏನು ಬೇಕೆಂದು ನೀವೇ ಅಕ್ಷರ ಅಕ್ಷರವಾಗಿ ಒತ್ತಿ ಕೇಳಬೇಕು. ಪ್ರೆಸ್ಸಿನವರು ಅದರೊಳಗೇ ಬಿಟ್ಟಿದ್ದ ಒಂದು ಕನ್ನಡದ ಪ್ರೋಗ್ರಾಮ್ ಇತ್ತು. ಒಂದು ಹಾವಿನ ಆಟವೂ ಇತ್ತು.

ಆ ವರ್ಷವೇ ಬಸ್ ಸ್ಟ್ಯಾಂಡಿನ ಎದುರಿಗೆ ಇನ್ನೊಂದು ಅಂಗಡಿ ಬಂತು. ಅಲ್ಲಿ ವಿಂಡೋಸ್. ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು ಸೊಪ್ಪು ಹರಾಜಿಗೆ ಹೋಗುವ ಹೊತ್ತು. ಕೈಗೆ ದುಡ್ಡು ಬರುತ್ತಿದ್ದಂತೆ ಮದುವೆ ನಿಶ್ಚಯ ಮಾಡಿಕೊಂಡ ಬೆಳೆಗಾರರು, ಮೈತುಂಬ ಬೆಂದ ಹೊಗೆಸೊಪ್ಪಿನ ಸಿಹಿ ಘಾಟು ಹೊತ್ತುಕೊಂಡು ನಮ್ಮ ಹಜಾರಕ್ಕೆ ಬರುತ್ತಿದ್ದರು.

"ಮೇಷ್ಟ್ರೇ, ನಿಮ್ಮತ್ರ ವಿಂಡೋಸ್ ಐತಾ?"

"ಇಲ್ಲ ಕಣ್ರೀ. ಕಾಗ್ದ ಎಲ್ಲಿ ಮಾಡುದ್ರೂ ಕಾಗ್ದವೇ ಅಲ್ವಾ?"

"ಅದೇನೋಪ್ಪ. ನಮ್ಮುಡುಗಿ ವಿಂಡೋಸ್ನಾಗೇ ಮಾಡ್ಸು ಅಂದವ್ಳೆ."

ವಿಂಡೋಸ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಶಾಲೆಯಿಂದ ಬರುವಾಗ ಆ ಅಂಗಡಿಯ ಗಾಜಿಗೆ ಮೂಗೊತ್ತಿ ನೋಡಿದ್ದೆ. ಬಣ್ಣಬಣ್ಣದ ತೆರೆ, ಇಸ್ಪೀಟಿನ ಎಲೆಗಳು, ಮೌಸ್ ಆಡಿಸಿದಂತೆ ತಾನೇ ಎಳೆಯುವ ಕುಂಚ. ಮನೆಗೆ ಬಂದು ನಮ್ಮ ಕಪ್ಪು ತೆರೆಯ ಮುಂದೆ ಕುಳಿತರೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅಜ್ಜಿ, ಎಂದರೆ ಅಪ್ಪನ ಅವ್ವ, ಕಂಪಲಾಪುರದ ದೊಡ್ಡಪ್ಪನ ಮನೆಯಲ್ಲಿ ಇದ್ದವಳು. ಆ ಸಲ ಗೌರಿ ಹಬ್ಬಕ್ಕೆ ಬಂದವಳು ದಸರಾ ತನಕ ಉಳಿದಳು. ಸುತ್ತಲ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆ ಹೇಳಲು ಅಜ್ಜಿಯನ್ನು ಕರೆಯುತ್ತಿದ್ದರು. ಮಾಘದಲ್ಲಿ ಚಿಕ್ಕತ್ತೆಯ ಮದುವೆ ಗೊತ್ತಾಗಿತ್ತು. ಒಂದು ಸಂಜೆ ಅಪ್ಪ ಪ್ರಿಂಟು ತೆಗೆಯುವುದನ್ನು ನೋಡುತ್ತಾ ಕುಳಿತಿದ್ದವಳು ಕೇಳಿದಳು.

"ಅಲ್ಲ ಕಣ್ಲಾ, ಮದ್ವೆ ಕಾಗ್ದ ಇದ್ರಾಗೆ ಮೂಡ್ತದಲ್ಲ, ಮದ್ವೆ ಹಾಡು ಮೂಡಾಕಿಲ್ವಾ?"

"ಯಾಕ್ ಮೂಡಾಕಿಲ್ಲವ್ವ? ಏನ್ ಒತ್ತುದ್ರೂ ಮೂಡ್ತದೆ."

"ಅಂಗಾದ್ರೆ ನನ್ ಮಗಳ ಮದ್ವೇಲಿ ಹೆಣ್ಮಕ್ಕಳ ಕೈಗೆಲ್ಲ ಒಂದೊಂದು ಪುಸ್ತಕ ಕೊಡಾನ. ಇತ್ತೀಚಿನವ್ಕೆ ಒಂದ್ ಹಾಡೂ ಬರಾಕಿಲ್ಲ. ನಾನೊಬ್ಬಳೇ ಅರ್ಚ್ಕೊಂಡು ಗಂಟ್ಲೋಯ್ತು."

ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಶಾಲೆಯಿಂದ ಬಂದು ಕೈ ತೊಳೆದು ಕೂರುತ್ತಿದ್ದೆ. ಪಕ್ಕದಲ್ಲಿ ಚಾಪೆಯ ಮೇಲೆ ಅಜ್ಜಿ. ಅವಳ ಮಡಿಲಲ್ಲಿ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ. ನಾನು ಕಾಯಿ ಮುಟ್ಟಿದರೆ ಕೀಲಿಮಣೆಯ ಗುಂಡಿಗಳು ಕೊಳೆಯಾಗುತ್ತವೆಂದು ಅವಳೇ ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದಳು. ಬಿಸಿಯಾದ ಪೆಟ್ಟಿಗೆಯಿಂದ ಬರುವ ಸುಟ್ಟ ದೂಳಿನ ವಾಸನೆ ಮತ್ತು ಬೆಂದ ಕಡಲೆಕಾಯಿಯ ವಾಸನೆ ನನ್ನ ತಲೆಯಲ್ಲಿ ಇವತ್ತಿಗೂ ಒಂದೇ ವಾಸನೆ.

ಕಷ್ಟವೆಂದರೆ, ಅಜ್ಜಿಗೆ ಹಾಡನ್ನು ನಿಲ್ಲಿಸಲು ಬರುತ್ತಿರಲಿಲ್ಲ. ನಾನು ಎರಡು ಬೆರಳಿನಲ್ಲಿ ಒಂದು ಪದ ಒತ್ತುವಷ್ಟರಲ್ಲಿ ಅವಳು ನಾಲ್ಕು ಸಾಲು ದಾಟಿರುತ್ತಿದ್ದಳು.

"ಒಸಿ ನಿಂತ್ಕೊ ಅಜ್ಜಿ."

"ನಿಂತ್ರೆ ಹಾಡೂ ನಿಂತೋಯ್ತದೆ ಕಣ್ ಮಗ. ಎಲ್ಲಿಗ್ ಬಂದಿದ್ದೆ?"

ಮತ್ತೆ ಮೊದಲಿನಿಂದ. ಅವಳಿಗೆ ನಡುವಿನಿಂದ ಹಿಡಿಯಲು ಆಗುತ್ತಿರಲಿಲ್ಲ. ಹೀಗೆ ಒಂದೊಂದು ಹಾಡನ್ನೂ ಹತ್ತಾರು ಸಲ ಕೇಳಿದ್ದೇನೆ. ಮುಗಿದ ಮೇಲೆ ನಾನು ಓದಬೇಕು, ಅವಳು ಕಣ್ಣುಮುಚ್ಚಿ ಕೇಳಬೇಕು. ತಪ್ಪಿದ ಕಡೆ ತೊಡೆಯ ಮೇಲೆ ಮೆಲ್ಲಗೆ ತಟ್ಟಿ, "ಅಂಗಲ್ಲ" ಎನ್ನುತ್ತಿದ್ದಳು. ಬೈಗುಳವಲ್ಲ ಅದು. ಅಕ್ಕಿಯಲ್ಲಿ ಕಲ್ಲು ಸಿಕ್ಕಿದಾಗ ಎತ್ತಿಡುತ್ತೇವಲ್ಲ, ಹಾಗೆ. ಒಂದು ಹಾಡಿಗೆ ಒಂದು ಹಾವಿನ ಆಟ ಎಂಬುದು ನನ್ನ ಕರಾರು.

ದಿನ ಕಳೆದಂತೆ ಇನ್ನೊಂದು ಆಗತೊಡಗಿತು. ಬೆಳಿಗ್ಗೆ ಸೊಪ್ಪು ಸೋಸುತ್ತಾ ಗುನುಗುತ್ತಿದ್ದವಳು ಎಲ್ಲೋ ತಡವರಿಸಿದರೆ, ಮೊದಲೆಲ್ಲ ಹಿಂದಕ್ಕೆ ಹೋಗಿ ಹಿಡಿಯುತ್ತಿದ್ದವಳು, ಈಗ ನನ್ನನ್ನೇ ಕೂಗುತ್ತಿದ್ದಳು. "ಆಮೇಕೇನೈತೆ ನೋಡು ಮಗ, ನಿನ್ ಪೆಟ್ಟಿಗೇಲಿ." ನಾನು ತೆಗೆದು ಓದುತ್ತಿದ್ದೆ. "ಹಾಂ, ಅದೇ. ಇನ್ ನಾನು ಮರ್ತ್ರೂ ಚಿಂತಿಲ್ಲ ಬುಡು" ಎಂದು ನಗುತ್ತಿದ್ದಳು. ಒಟ್ಟು ಇಪ್ಪತ್ತೆಂಟು ಹಾಡು. ಮೂವತ್ತೊಂದು ಎಂದೂ ನಾನು ಹೇಳಿದ್ದುಂಟು. ಎಲ್ಲ ಮುಗಿದ ಮೇಲೆ ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿ ಒಟ್ಟಿಗೆ ತೆಗೆಯೋಣವೆಂದು ಅಪ್ಪ ಹೇಳಿದ್ದ. ಹಾಗಾಗಿ ಒಂದು ಹಾಳೆಯೂ ಹೊರಗೆ ಬಂದಿರಲಿಲ್ಲ.

ದಸರಾ ರಜೆಗೆ ರಫೀಕಣ್ಣ ಬಂದ. ಪಕ್ಕದ ಮನೆಯವನು, ಅಪ್ಪನ ಹತ್ತಿರ ಟೈಪಿಂಗ್ ಕಲಿತು ಆಗ ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದ. ಅವರ ಮನೆಯದು ಮರಗೆಲಸ. ನಮ್ಮ ಕಂಪ್ಯೂಟರಿನ ಮೇಜು ಅವರಪ್ಪನ ಕೈಯದೇ. ಟವೆಲ್ಲಿನಲ್ಲಿ ಸುತ್ತಿದ ಒಂದು ಸಿಡಿ ಡ್ರೈವು, ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ ಒಂದು ಸಿಡಿ ತಂದಿದ್ದ.

"ವಿಂಡೋಸ್ ಹಾಕ್ಕೊಡ್ತೀನಿ ಮೇಷ್ಟ್ರೇ. ಆದ್ರೆ ಜಾಗ ಸಾಲಲ್ಲ, ಇರೋದನ್ನ ಪೂರ್ತಿ ಒರೆಸ್ಬೇಕು."

"ಹಳೇ ಕಾಗ್ದ ಹೋದ್ರೋಗ್ಲಿ, ಮದ್ವೆ ಆದ್ಮೇಲೆ ಅದ್ಯಾರಿಗ್ ಬೇಕು. ಅವ್ವನ ಹಾಡು ಐತಲ್ಲಪ್ಪ."

"ಫ್ಲಾಪಿಗೆ ಹಾಕಿಟ್ಕೊಳ್ಲಿ. ಆಮೇಲೆ ಕನ್ನಡದ್ದು ಏನಾದ್ರೂ ವ್ಯವಸ್ಥೆ ಮಾಡಣ."

ಅವತ್ತೇ ಎಲ್ಲ ಹಾಡನ್ನೂ ಒಂದು ನೀಲಿ ಫ್ಲಾಪಿಗೆ ಇಳಿಸಿದೆ. ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಇಷ್ಟ್ರಾಗೆ ಅಷ್ಟೂ ಐತಾ?" "ಐತಜ್ಜಿ." "ನಾಳೆ ಪೂಜೆಗಿಡು ಮತ್ತೆ."

ಮಾರನೆಯ ದಿನ ಆಯುಧ ಪೂಜೆ. ಅವತ್ತು ದುಡಿಯುವ ಯಾವುದನ್ನೂ ಕೆಲಸಕ್ಕೆ ಹಚ್ಚಬಾರದು. ಪಕ್ಕದಲ್ಲಿ ರಫೀಕಣ್ಣನ ಅಪ್ಪನ ಕೀಸುಳಿಯ ಸದ್ದು ಮಾತ್ರ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಟೈಪ್‌ರೈಟರುಗಳು, ಕತ್ತರಿ, ಕುಡುಗೋಲು, ಈಳಿಗೆಮಣೆ, ಎಲ್ಲವೂ ತೊಳೆಸಿಕೊಂಡು ಸಾಲಾಗಿ ಕುಳಿತಿದ್ದವು. ಕಂಪ್ಯೂಟರಿನ ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ಮುಂದೆ ತಟ್ಟೆಯಲ್ಲಿ ಫ್ಲಾಪಿಗಳು. ಫ್ಲಾಪಿಗೆ ಬೊಟ್ಟು ಎಲ್ಲಿಡುವುದು? ಅದರ ಒಂದು ಅಂಚಿನಲ್ಲಿ ಹೊಳೆಯುವ ಒಂದು ತಗಡು ಇರುತ್ತದೆ. ನೋಡಿದರೆ ಬೊಟ್ಟಿಡಲೆಂದೇ ಮಾಡಿದಂತಿರುತ್ತದೆ. ತೇಯ್ದ ಗಂಧ, ಅದರ ಮೇಲೆ ಕುಂಕುಮ. ಆ ತಗಡು ಪಕ್ಕಕ್ಕೆ ಜರುಗುವ ಬಾಗಿಲು, ಬರೆದದ್ದೆಲ್ಲ ಅದರ ಹಿಂದೆಯೇ ಇರುವುದು ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ನೀಲಿ ಫ್ಲಾಪಿಗೆ ಬೊಟ್ಟಿಟ್ಟದ್ದು ಅಮ್ಮ ಎಂದು ನಮ್ಮ ಮನೆಯ ಕತೆ ಹೇಳುತ್ತದೆ. ಒಮ್ಮೊಮ್ಮೆ ಒದ್ದೆ ಗಂಧ ನನ್ನದೇ ಬೆರಳ ತುದಿಯಲ್ಲಿದ್ದಂತೆ ನೆನಪಾಗುತ್ತದೆ. ಅದು ನೆನಪೋ, ತಪ್ಪಿತಸ್ಥಳಾಗಿರಬೇಕೆಂಬ ನನ್ನ ಹಟವೋ ಹೇಳಲಾರೆ.

ಅದರ ಮರುದಿನ ವಿಜಯದಶಮಿ. ಹೊಸದನ್ನು ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ ಎಂದು ಅಪ್ಪ. ಮಧ್ಯಾಹ್ನದ ಬಸ್ಸಿಗೆ ಮೈಸೂರಿಗೆ ಹೊರಡಬೇಕು ಎಂದು ರಫೀಕಣ್ಣ. ಡ್ರೈವು ಜೋಡಿಸಿ, ಕೂತು, ಕೊನೆಯ ಪ್ರಶ್ನೆ ತೆರೆಯ ಮೇಲೆ ಬಂದಾಗ ಬೆರಳು ತಡೆದು ನನ್ನ ಕಡೆ ತಿರುಗಿದ. ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳುತ್ತಿತ್ತು.

"ಪೂಜೆ ಎಲ್ಲಾ ಆಯ್ತಲ್ಲ, ಫ್ಲಾಪಿ ಒಂದ್ಸಲ ಹಾಕಿ ನೋಡ್ದೇನಮ್ಮಾ? ಓದ್ತದಾ?"

"ಹೂಂ, ನೋಡಿದೀನಿ."

ಇದು ಮಾತ್ರ ನನಗೆ ನೆನಪಿದೆ. ಇದರಲ್ಲಿ ಅನುಮಾನವಿಲ್ಲ. ಫ್ಲಾಪಿ ನನ್ನ ಕೈಯಲ್ಲೇ ಇತ್ತು, ಒಣಗಿದ ಗಂಧ ಉಗುರಿಗೆ ತಾಗುತ್ತಿತ್ತು. ಇಳಿಸಿದ ದಿನ ನೋಡಿದ್ದನ್ನೇ ನೋಡಿದ್ದು ಎಂದೆನೇನೋ ಎಂದು ಎಷ್ಟೋ ವರ್ಷ ನನ್ನ ಪರವಾಗಿ ನಾನೇ ವಾದಿಸಿದ್ದೇನೆ. ಆದರೆ ಅವನು ಕೇಳಿದ್ದು ಪೂಜೆಯ ನಂತರದ ಮಾತು. ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು. ಓದದಿದ್ದರೆ ಮತ್ತೆ ಇಳಿಸಬೇಕು, ಬಸ್ಸಿನ ಹೊತ್ತಾಗುತ್ತದೆ, ವಿಂಡೋಸ್ ಇವತ್ತು ಬರುವುದಿಲ್ಲ. ನಾನು ಇಷ್ಟನ್ನೂ ಲೆಕ್ಕ ಹಾಕಿದ್ದೆ. ಹನ್ನೆರಡು ವರ್ಷದ ಹುಡುಗಿ ಅಷ್ಟು ಬೇಗ ಲೆಕ್ಕ ಹಾಕಬಲ್ಲಳೇ ಎಂದರೆ, ಬಲ್ಲಳು.

ರಫೀಕಣ್ಣ ಗುಂಡಿ ಒತ್ತಿದ.

ಎಷ್ಟೋ ಹೊತ್ತಿನ ಮೇಲೆ ತೆರೆಯ ಮೇಲೆ ಮೋಡ ತುಂಬಿದ ನೀಲಿ ಆಕಾಶ ಬಂತು. ಅಪ್ಪ ಎದ್ದು ನಿಂತ. ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದಳು. "ಚೆಂದಾಗೈತೆ ಕಣ್ ಮಗ. ಹಾಡು ತೆಗಿ, ನೋಡಾನ."

ಫ್ಲಾಪಿ ಹಾಕಿದಾಗ ಕರ್ರ್ ಕರ್ರ್ ಎಂದು ಕೆರೆಯುವ ಸದ್ದು. ರಫೀಕಣ್ಣ ಹೊರಗೆ ತೆಗೆದು ತಗಡು ಜರುಗಿಸಿದ. ಒಳಗಿನ ಕಂದು ತಟ್ಟೆಯ ಮೇಲೆ ಕುಂಕುಮದ ಒಂದು ಕೆಂಪು ಕಮಾನು, ಅಷ್ಟು ಅಚ್ಚುಕಟ್ಟಾಗಿ, ರಂಗೋಲಿ ಎಳೆದಂತೆ. ಕರವಸ್ತ್ರದಿಂದ ಒರೆಸಿ ಹಾಕಿದ, ಊದಿ ಹಾಕಿದ. ಆಗಲಿಲ್ಲ.

"ದೇವ್ರ ಮುಂದಿಟ್ಟಿದ್ದು ತಪ್ಪಾಯ್ತಾ?" ಎಂದು ಅಮ್ಮ ಕಣ್ಣೊರೆಸಿಕೊಂಡಳು.

"ತಪ್ಪೇನಾಯ್ತು? ನಾನಿಲ್ವಾ? ಇನ್ನೊಂದ್ಸಲ ಹೇಳ್ತೀನಿ ಬುಡು" ಎಂದಳು ಅಜ್ಜಿ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ರಫೀಕಣ್ಣ ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಫ್ಲಾಪಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೊರಟ. ಮೈಸೂರಿನಲ್ಲೂ ಆಗಲಿಲ್ಲ. ಅವನು ಹೇಳಿಬಿಟ್ಟಿದ್ದರೆ ನನಗೆ ಇಷ್ಟು ವರ್ಷ ಈ ತಳಮಳ ಇರುತ್ತಿರಲಿಲ್ಲವೇನೋ.

ಆಮೇಲಿನ ಸಂಜೆಗಳಲ್ಲೂ ಅಜ್ಜಿ ಚಾಪೆ ಹಾಸಿದಳು, ಕಡಲೆಕಾಯಿ ಸುಲಿದಳು. ಕನ್ನಡ ಇನ್ನೂ ಬಂದಿಲ್ಲ ಅಜ್ಜಿ, ಬಂದ ಮೇಲೆ ಒತ್ತೋಣ ಎಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದಿತ್ತು. ಅದು ನನಗೆ ಹೊಳೆಯಲಿಲ್ಲವೇ, ಹೊಳೆದೂ ಸುಮ್ಮನಿದ್ದೆನೇ? ಇಸ್ಪೀಟಿನ ಎಲೆ ಜೋಡಿಸುತ್ತಾ ಕುಳಿತಿರುತ್ತಿದ್ದೆ. ಅವಳು ಕೆಂಪು ರಾಣಿಯನ್ನು ನೋಡುತ್ತಾ ಕುಳಿತಿರುತ್ತಿದ್ದಳು. ಮೂರನೆಯ ದಿನ ಕಂಪಲಾಪುರದ ಬಸ್ಸು ಹತ್ತಿದಳು. ರಫೀಕಣ್ಣ ಕನ್ನಡ ತಂದದ್ದು ದೀಪಾವಳಿ ಕಳೆದ ಮೇಲೆ. ಅಪ್ಪನಿಗೆ ಗಿರಾಕಿಗಳು ತಿರುಗಿ ಬಂದರು.

ಮಾಘದಲ್ಲಿ ಚಿಕ್ಕತ್ತೆಯ ಮದುವೆ. ಕಂಪಲಾಪುರದ ಮನೆಯ ಮುಂದೆ ಚಪ್ಪರ. ಚಿಕ್ಕತ್ತೆಗೆ ಅರಿಶಿನ ಹಚ್ಚುವಾಗ ಅಜ್ಜಿ ಎತ್ತಿಕೊಂಡಳು.

"ಬಾಗಿಲಿಗೆ ಬಂದೋರ ಕಾಲಿಗೆ ನೀರ್ ಕೊಡಿ..."

ಅಲ್ಲಿಗೆ ನಿಂತಳು. ನಿಂತು, ಅಷ್ಟು ಹೆಂಗಸರ ನಡುವೆ, ನನ್ನ ಕಡೆ ತಿರುಗಿದಳು. "ಆಮೇಕೇನೈತೆ ಮಗ?"

ಹತ್ತಾರು ಸಲ ಕೇಳಿದ್ದ ಹಾಡು. ನನ್ನ ಬೆರಳುಗಳೇ ಒತ್ತಿದ್ದ ಸಾಲು. ನನಗೆ ಬರಲಿಲ್ಲ. ನಾನು ಅಕ್ಷರಗಳನ್ನು ಒತ್ತಿದ್ದೆ, ಹಾಡನ್ನು ಕಲಿತಿರಲಿಲ್ಲ. ಅಜ್ಜಿ ತನ್ನ ಪದ್ಧತಿಯಂತೆ ಮೊದಲಿನಿಂದ ಶುರುಮಾಡಿದಳು, ಅದೇ ಜಾಗಕ್ಕೆ ಬಂದಳು, ಅಲ್ಲೇ ನಿಂತಳು. ಯಾರೋ ಹುಡುಗಿಯರು ನಕ್ಕು ಸಿನಿಮಾದ ಹಾಡೊಂದನ್ನು ಎತ್ತಿಕೊಂಡರು. ಅಜ್ಜಿಯೂ ನಕ್ಕು ಅರಿಶಿನದ ಬಟ್ಟಲನ್ನು ಮುಂದಿನವರಿಗೆ ದಾಟಿಸಿದಳು.

ಆ ನೀಲಿ ಫ್ಲಾಪಿ ಈಗ ನನ್ನ ಬಳಿ ಇದೆ. ಕುಂಕುಮ ಕಪ್ಪಾಗಿದೆ. ಅದನ್ನು ತೂರಿಸುವ ಕಿಂಡಿಯಿರುವ ಯಂತ್ರ ನನಗೆ ಗೊತ್ತಿರುವ ಯಾರ ಮನೆಯಲ್ಲೂ ಇಲ್ಲ. ಕಾಲೇಜಿನಲ್ಲಿ ಒಬ್ಬರು ಹೇಳಿದ್ದರು, ಡಾಸ್‌ನ ಆ ಕನ್ನಡ ವಿಂಡೋಸಿನಲ್ಲಿ ಹೇಗೂ ತೆರೆಯುತ್ತಿರಲಿಲ್ಲ, ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು ಎಂದು. ಆ ಮಾತು ಕೇಳಿ ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಏಳುವಾಗಲೇ, ಫ್ಲಾಪಿ ಚೆನ್ನಾಗಿದ್ದಿದ್ದರೆ ಯಾವುದಾದರೂ ಹಳೆಯ ಯಂತ್ರದಲ್ಲಿ ತೆರೆಯಬಹುದಿತ್ತಲ್ಲ ಎಂಬುದೂ ಹೊಳೆಯಿತು. ಅಷ್ಟೇ ಆ ನೆಮ್ಮದಿಯ ಆಯಸ್ಸು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಚಿಕ್ಕತ್ತೆಯ ಮಗಳ ಮದುವೆಯಲ್ಲಿ, ಅರಿಶಿನ ಹಚ್ಚುವಾಗ, ಯಾರೋ ನನ್ನನ್ನು ಹಾಡೆಂದರು. ಆ ಒಂದು ಸಾಲು ಹೇಳಿದೆ. ಹೇಳಿದ ಮೇಲೆ ಎರಡನೆಯದೂ ತಾನಾಗಿ ಬಾಯಿಗೆ ಬಂತು.

"ಬಾಗಿಲಿಗೆ ಬಂದೋರ ಕಾಲಿಗೆ ನೀರ್ ಕೊಡಿ, ಬಿಂದಿಗೆಯ ತಂಪು ಆರದಂಗೆ."

ಇದು ಅಜ್ಜಿಯದೇ? ಇಷ್ಟು ವರ್ಷ ಒಳಗೆಲ್ಲೋ ಉಳಿದಿತ್ತೇ? ಇಲ್ಲ, ಬಿಟ್ಟ ಜಾಗವನ್ನು ತುಂಬಲು ನಾನೇ ಕಟ್ಟಿಕೊಂಡೆನೇ? ಹೆಂಗಸರು ಅದನ್ನು ಹಾಗೆಯೇ ಎತ್ತಿಕೊಂಡು ಹಾಡಿದರು. ಒಬ್ಬ ಹುಡುಗಿ ಫೋನಿನಲ್ಲಿ ಬರೆದುಕೊಂಡಳು. ನಾನು ಮುಂದಿನ ಸಾಲಿಗೆ ಹೋಗದೆ, ತೊಡೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಯಾರೂ "ಅಂಗಲ್ಲ" ಅನ್ನಲಿಲ್ಲ.